4ಕೆ ಸ್ಕ್ರೀನಲ್ಲಿ ಲಿನಕ್ಸ್ ಕನ್ಸೋಲ್ ಓದೋಕೆ ಆಗ್ತಿಲ್ವಾ? ಟರ್ಮಿನಸ್ ಫಾಂಟ್ ಹಾಕ್ರಿ

ದಾವಣಗೆರೆ ಮಂಡಿಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯ ಬಿಲ್ಲಿಂಗ್ ಸರ್ವರ್ ನಾನು ನೋಡ್ಕೋತೀನಿ, ಡೆಬಿಯನ್ ಅನ್ನೋ ಲಿನಕ್ಸು, ಡೆಸ್ಕ್‌ಟಾಪ್ ಗಿಸ್ಕ್‌ಟಾಪ್ ಏನೂ ಇಲ್ಲ, ಬರೀ ಅಕ್ಷರ ಕಾಣೋ ಕಪ್ಪು ಸ್ಕ್ರೀನು, ಅದೇ ಕನ್ಸೋಲು. ಹಳೇ ಮಾನಿಟರ್ ಹೋಗಿ 27 ಇಂಚಿನ 4ಕೆ ಬಂತು ನೋಡ್ರಿ, ಅಕ್ಷರ ಎಲ್ಲಾ ಸಾಸಿವೆ ಕಾಳು. ಡೆಬಿಯನ್ ತಾನಾಗೇ ಹಾಕೋ ಫಾಂಟ್ 8×16 ಪಿಕ್ಸೆಲ್, 3840 ಅಗಲದ ಸ್ಕ್ರೀನಲ್ಲಿ ಅದು 480 ಕಾಲಮ್ ಆಗುತ್ತೆ, ಅಂದ್ರೆ ಒಂದು ಸಾಲಿಗೆ 480 ಅಕ್ಷರ, ಒಂದು ಸಾಲಿನ ಎತ್ತರ ಎರಡೂವರೆ ಮಿಲಿಮೀಟರ್, ಅದನ್ನ ಯಾರು ಓದ್ಬೇಕು ಹೇಳ್ರಿ.

ಮೊದ್ಲು ಫಾಂಟ್ ಬದಲಿಸೋ ಸೆಟ್‌ಫಾಂಟ್ ಕಮಾಂಡ್‌ಗೆ ಮೈನಸ್ ಡಿ (setfont -d) ಕೊಟ್ಟು ಇದ್ದ ಫಾಂಟನ್ನೇ ಡಬಲ್ ಮಾಡಿ ನೋಡ್ದೆ. ದೊಡ್ಡದೇನೋ ಆಯ್ತು, ಆದ್ರೆ ಒಂದೊಂದು ಪಿಕ್ಸೆಲ್ಲೂ ನಾಲ್ಕಾಗಿ ಓರೆ ಗೆರೆ ಎಲ್ಲಾ ಮೆಟ್ಟಿಲು ಮೆಟ್ಟಿಲು. ಟರ್ಮಿನಸ್ ಹಂಗಲ್ಲ, ಅದರ 16×32 ಸೈಜನ್ನ ಆ ಸೈಜಿಗೇ ಅಂತ ಬಿಡಿಸಿದಾರೆ. ಸೊನ್ನೆ ಒಳಗೆ ಓರೆ ಗೆರೆ ಐತೆ, ಪಕ್ಕದಲ್ಲಿ ದೊಡ್ಡ ಓ ಬಂದ್ರೂ ಗೊಂದಲ ಇಲ್ಲ, ಒಂದು, ಸಣ್ಣ ಎಲ್, ದೊಡ್ಡ ಐ ಮೂರೂ ಬೇರೆ ಬೇರೆ ಕಾಣ್ತವೆ. ಜಿಎಸ್‌ಟಿ ನಂಬರ್‌ನಲ್ಲಿ ಅಕ್ಷರ ಅಂಕಿ ಎರಡೂ ಕಲಸಿರುತ್ತಲ್ಲ, ಅದನ್ನ ಲಾಗ್ ಫೈಲಲ್ಲಿ ನೋಡಿ ಹೇಳೋ ಹುಡುಗನಿಗೆ ಇದು ಎಷ್ಟು ಅನುಕೂಲ ಅಂದ್ರೆ, "ಅಣ್ಣಾ, ಈಗ ಕನ್ನಡಕ ಒರೆಸ್ಕೊಳ್ಳೋ ಕೆಲ್ಸ ತಪ್ಪಿತು" ಅಂದ.

ಹಾಕೋದು ಸಲೀಸು. ರೂಟ್ ಆಗಿ, ಅಂದ್ರೆ ಅಡ್ಮಿನ್ ಆಗಿ, ಡಿಪಿಕೆಜಿ-ರಿಕಾನ್ಫಿಗರ್ ಕನ್ಸೋಲ್-ಸೆಟಪ್ (dpkg-reconfigure console-setup) ಅಂತ ಕಮಾಂಡ್ ಕೊಟ್ರೆ ಮೆನು ಬರುತ್ತೆ, ಅಲ್ಲಿ ಟರ್ಮಿನಸ್ ಬೋಲ್ಡ್, ಆಮೇಲೆ 16×32, ಅಷ್ಟೇ, ರೀಬೂಟ್ ಆದ್ಮೇಲೂ ಉಳಿಯುತ್ತೆ. 4ಕೆನಲ್ಲಿ 240 ಕಾಲಮ್ 67 ಸಾಲು ಸಿಗುತ್ತೆ, ಧಾರಾಳ. ಬೋಲ್ಡೇ ತಗೊಳ್ರಿ, ಕಪ್ಪು ಹಿನ್ನೆಲೆ ಮೇಲೆ ತೆಳು ಗೆರೆ ದೂರಕ್ಕೆ ಮಂಕಾಗುತ್ತೆ. 14 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿಗೆ ಮಾತ್ರ 16×32 ಸ್ವಲ್ಪ ಜಾಸ್ತಿನೇ, 120 ಕಾಲಮ್‌ಗೆ ಇಳಿಯುತ್ತೆ, ಅಲ್ಲಿ 12×24 ಹಾಕಿದ್ರೆ 160 ಕಾಲಮ್, ಅದೇ ಹದ.

ಇನ್ನೂ ದೊಡ್ಡದು ಬೇಕಂದ್ರೆ ಸ್ಪ್ಲೀನ್ ಅಂತ ಇನ್ನೊಂದು ಫಾಂಟ್ ಐತೆ, ಲಿನಕ್ಸ್ ತರದ್ದೇ ಓಪನ್‌ಬಿಎಸ್‌ಡಿ ಅನ್ನೋ ಸಿಸ್ಟಮ್‌ನ ಕನ್ಸೋಲ್‌ನಲ್ಲಿ ಬರೋದು ಅದೇ, 32×64 ತನಕ ಹೋಗುತ್ತೆ, ಆದ್ರೆ ಹಳೇ ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) 32 ಪಿಕ್ಸೆಲ್‌ಗಿಂತ ಎತ್ತರದ ಫಾಂಟ್ ತಗೊಳ್ಳಲ್ಲ.

ನನಗೆ ನಿಜವಾಗ್ಲೂ ಬೇಜಾರಾಗೋದು ಕನ್ನಡದ ವಿಷಯಕ್ಕೆ. ಗಿರಾಕಿ ಹೆಸರು ಕನ್ನಡದಲ್ಲಿದ್ರೆ ಕನ್ಸೋಲ್‌ನಲ್ಲಿ ಬರೀ ಡಬ್ಬಿ ಕಾಣುತ್ತೆ. ಟರ್ಮಿನಸ್‌ನಲ್ಲಿ ಕನ್ನಡ ಇಲ್ಲ, ಇದ್ದಿದ್ರೂ ಕಷ್ಟಾನೇ, ಯಾಕಂದ್ರೆ ಕನ್ಸೋಲ್ ಫಾಂಟಿಗೆ 512 ಚಿತ್ರ ಅಷ್ಟೇ ಜಾಗ, ಒತ್ತಕ್ಷರ ಕೂಡಿಸೋ ಶೇಪಿಂಗ್ ಅಂತೂ ಕರ್ನಲ್ ಮಾಡೋದೇ ಇಲ್ಲ. ಹಂಗಾಗಿ ಕನ್ನಡ ಫೈಲ್ ಇದ್ದಾಗ ಎಸ್‌ಎಸ್‌ಎಚ್ ಹಾಕಿ, ಅಂದ್ರೆ ನೆಟ್‌ವರ್ಕ್ ಮೇಲೆ ಸರ್ವರ್‌ಗೆ ಲಾಗಿನ್ ಆಗಿ, ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ನೋಡ್ತೀನಿ. ಟರ್ಮಿನಸ್‌ಗೆ ಐದರಲ್ಲಿ ಅರ್ಧ ಸ್ಟಾರ್ ಕಮ್ಮಿ ಅದಕ್ಕೇ, ಉಳಿದ ನಾಲ್ಕೂವರೆ ಪೂರ್ತಿ ಮನಸಿನಿಂದ ಕೊಟ್ಟಿದೀನಿ, ದುಡ್ಡೂ ಕೊಡಂಗಿಲ್ಲ, ಪೂರ್ತಿ ಫ್ರೀ.