ಪ್ರೋಟೀನ್ ಡಬ್ಬವೋ, ಬಟ್ಟೆಯಲ್ಲಿ ಕಟ್ಟಿದ ಮೊಸರೋ: ಸ್ಲೀವ್ ಆಪರೇಷನ್ ಆದಮೇಲೆ ನಾನು ತಿಂದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೊಸರಿಗೆ. ರಾತ್ರಿ ಹೆಪ್ಪು ಹಾಕಿ, ಬೆಳಿಗ್ಗೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ನೀರೆಲ್ಲ ಬಸಿದ ಗಟ್ಟಿ ಮೊಸರಿಗೆ. ಅಲ್ಲಿಗೆ ಬಂದು ನಿಲ್ಲುವ ಮೊದಲು 2 ಕೆಜಿಯ ಚಾಕೊಲೇಟ್ ಪ್ರೋಟೀನ್ ಪುಡಿ, ಆಮೇಲೆ ರುಚಿಯೇ ಇಲ್ಲದ ಐಸೊಲೇಟ್ (ಹಾಲಿನ ಸಕ್ಕರೆ ಬಹುಪಾಲು ತೆಗೆದ) ಪುಡಿ, ನಡುವೆ ಹುರಿಗಡಲೆ ಹಿಟ್ಟು, ಇವಿಷ್ಟೂ ನನ್ನ ಹೊಟ್ಟೆಯಲ್ಲಿ ಪರೀಕ್ಷೆಯಾಗಿವೆ. ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಹತ್ತು ತಿಂಗಳಾಯಿತು. ಈಗಷ್ಟೇ ಮಾಡಿಸಿಕೊಂಡವರು, ಮಾಡಿಸಿಕೊಳ್ಳಲು ಹೊರಟವರು ನನ್ನ ಹಾಗೆ ದುಡ್ಡು ಸುರಿಯಬಾರದು ಎಂದು ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಟೀಚರ್. 108 ಕೆಜಿ ಇದ್ದೆ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಸ್ಲೀವ್ ಅಂದರೆ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ಅದರಲ್ಲಿ ಹಿಡಿಯುವುದು ಒಂದು ಸಣ್ಣ ಲೋಟದಷ್ಟು, ನೂರು ನೂರೈವತ್ತು ಎಂಎಲ್. ಅಷ್ಟು ಜಾಗದಲ್ಲಿ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಸೇರಿಸಬೇಕು ಎಂದರು ಡಯಟೀಷಿಯನ್ ಮೇಡಂ. ಸೇರಿಸದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತದೆ. ಅನ್ನ, ಮುದ್ದೆ, ಚಪಾತಿ ಎಲ್ಲ ಆಮೇಲೆ, ತಟ್ಟೆಯಲ್ಲಿ ಮೊದಲ ತುತ್ತು ಪ್ರೋಟೀನಿನದೇ ಆಗಬೇಕು ಎಂಬುದು ಅವರ ಕಟ್ಟಪ್ಪಣೆ.

ಚಾಕೊಲೇಟ್ ಡಬ್ಬ ಮನೆಗೆ ಬಂದದ್ದು ಆಪರೇಷನ್ನಿಗೆ ಮೊದಲೇ. ಲಿವರ್ ಸ್ವಲ್ಪ ಕುಗ್ಗಲಿ ಎಂದು ಎರಡು ವಾರ ಕಡಿಮೆ ಕ್ಯಾಲರಿಯ ಊಟ ಕೊಡುತ್ತಾರೆ, ಆ ದಿನಗಳಲ್ಲಿ ಒಂದು ಸಣ್ಣ ಪ್ಯಾಕೆಟ್ ಕುಡಿದು ನೋಡಿದ್ದೆ. ಬಹಳ ಹಿಡಿಸಿತ್ತು. ರಿಯಾಯಿತಿ ಇತ್ತು, ದೊಡ್ಡ ಡಬ್ಬ ತೆಗೆದರೆ ಲಾಭ ಎಂದು ಹತ್ತಿರ ಹತ್ತಿರ 5,000 ರೂಪಾಯಿ ಕೊಟ್ಟು 2 ಕೆಜಿ ತರಿಸಿದೆ. ಆಪರೇಷನ್ ಆಗಿ ಹತ್ತನೇ ದಿನ ಅದೇ ಪುಡಿ, ಅದೇ ಅಳತೆ. ಒಂದು ಗುಟುಕು ಬಾಯಿಗಿಟ್ಟರೆ ಸಕ್ಕರೆ ಪಾಕ ನೆಕ್ಕಿದ ಹಾಗೆ. ಈ ಆಪರೇಷನ್ ಆದ ಬಹಳ ಜನರಿಗೆ ನಾಲಿಗೆ ಬದಲಾಗುತ್ತದಂತೆ, ಸಿಹಿ ಎರಡು ಪಟ್ಟು ಸಿಹಿಯಾಗಿ, ವಾಸನೆ ಮೂಗಿಗೆ ಹೊಡೆಯುವ ಹಾಗೆ. ಮೊದಲೇ ಯಾರಾದರೂ ಹೇಳಿದ್ದರೆ ಡಬ್ಬ ಕೊಳ್ಳುತ್ತಿರಲಿಲ್ಲ.

ಸಿಹಿಯನ್ನು ಹೇಗೋ ಸಹಿಸಬಹುದಿತ್ತು. ನನ್ನನ್ನು ನಿಜಕ್ಕೂ ಹೈರಾಣ ಮಾಡಿದ್ದು ನೊರೆ.

ಪುಡಿಯ ಜೊತೆ ಒಂದು ಶೇಕರ್ ಬಾಟಲಿ ಬರುತ್ತದೆ, ಒಳಗೊಂದು ತಂತಿಯ ಚೆಂಡು. ನೀರು ಹಾಕಿ, ಪುಡಿ ಹಾಕಿ, ಜೋರಾಗಿ ಕುಲುಕಿ ಎಂದು ಡಬ್ಬದ ಮೇಲೇ ಬರೆದಿತ್ತು. ಕುಲುಕಿದೆ. ಮೇಲೆ ಮೂರು ಬೆರಳಿನಷ್ಟು ನೊರೆ ಬಂತು. ಗಟ್ಟಿಮುಟ್ಟಾದ ಹೊಟ್ಟೆಯವರಿಗೆ ಅದು ಲೆಕ್ಕಕ್ಕಿಲ್ಲ, ಒಂದು ತೇಗಿನಲ್ಲಿ ಹೋಗುತ್ತದೆ. ಹೊಲಿಗೆ ಹಾಕಿದ, ಊತ ಇನ್ನೂ ಇಳಿಯದ ಕೊಳವೆಗೆ ಆ ಗಾಳಿಗುಳ್ಳೆ ಇಳಿದರೆ ಬೇರೆಯೇ ಕತೆ. ಐದಾರು ಗುಟುಕು ಆಗುವುದರೊಳಗೆ ಎದೆಗೂಡಿನ ನಡುವೆ ಯಾರೋ ಹೆಬ್ಬೆರಳು ಇಟ್ಟು ಒತ್ತಿದ ಹಾಗೆ ನೋವು. ಬಾಯಿ ತುಂಬ ಜೊಲ್ಲು, ನುಂಗಿದಷ್ಟೂ ಊರುತ್ತದೆ. ಬೆನ್ನು ನೆಟ್ಟಗೆ ಮಾಡಿ, ಗೋಡೆ ಹಿಡಿದು ಹದಿನೈದು ನಿಮಿಷ ನಿಂತೆ. ಹೊಲಿಗೆ ಬಿಚ್ಚಿತೇನೋ, ಒಳಗೆ ಸೋರುತ್ತಿದೆಯೇನೋ ಎಂಬ ಹೆದರಿಕೆಗೆ ಕೈಕಾಲು ತಣ್ಣಗಾದವು. ಯಜಮಾನರು ಆಸ್ಪತ್ರೆಗೆ ಫೋನ್ ಹಚ್ಚಿದರು. ಜ್ವರ ಇದೆಯಾ, ಎದೆ ಡವಡವ ಎನ್ನುತ್ತಿದೆಯಾ, ಎಡ ಭುಜ ನೋಯುತ್ತಿದೆಯಾ ಎಂದು ಆ ಕಡೆಯ ಸಿಸ್ಟರ್ ಒಂದೊಂದಾಗಿ ಕೇಳಿ, ಯಾವುದೂ ಇಲ್ಲ ಎಂದಮೇಲೆ, "ಏನು ಕುಡಿದ್ರಿ ಮೇಡಂ? ಶೇಕ್ ಮಾಡಿದ ಕೂಡಲೇ ಕುಡಿದ್ರಾ? ನೊರೆ ಇಳಿಯೋವರೆಗೂ ಬಿಡ್ಬೇಕು" ಎಂದರು. (ಆ ಮೂರರಲ್ಲಿ ಒಂದಿದ್ದರೂ ಮನೆಯಲ್ಲಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.)

ಸರಿ, ನೊರೆ ಇಳಿಯಲಿ ಎಂದು ಮಾರನೆಯ ದಿನ ಇಪ್ಪತ್ತು ನಿಮಿಷ ಬಿಟ್ಟೆ. ನೊರೆ ಇಳಿಯಿತು, ಜೊತೆಗೆ ಪುಡಿಯೂ ತಳಕ್ಕೆ ಇಳಿದಿತ್ತು. ಮತ್ತೆ ಕುಲುಕಿದರೆ ಮತ್ತೆ ನೊರೆ. ಚಮಚದಲ್ಲಿ ತಿರುಗಿಸಿದರೆ ಗಂಟು. ಬಿಸಿ ಹಾಲಿಗೆ ಹಾಕಿದರೆ ಕರಗುತ್ತದೇನೋ ಎಂದು ಅದನ್ನೂ ಮಾಡಿದೆ, ಹಾಲು ಒಡೆದ ಹಾಗೆ ಚೂರು ಚೂರಾಗಿ ತೇಲಿತು. ಪುಡಿಯಲ್ಲಿರುವುದು ವೇ ಪ್ರೋಟೀನ್, ಅಂದರೆ ಒಡೆದ ಹಾಲಿನ ತಿಳಿನೀರಿನಿಂದ ತೆಗೆದದ್ದು; ಅದು ಕುದಿಯುವ ಬಿಸಿ ತಡೆಯುವುದಿಲ್ಲ, ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟುತ್ತದೆ. ವಾರವೊಂದು ಹೀಗೇ ಕಳೆಯಿತು. ದಿನಕ್ಕೆ 60 ಗ್ರಾಂ ಎಲ್ಲಿ, 20 ಕೂಡ ಹೋಗುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಕೊನೆಗೆ ದಾರಿ ತೋರಿಸಿದ್ದು ನಮ್ಮತ್ತೆ. ಅಂಬಲಿಗೆ ರಾಗಿ ಹಿಟ್ಟು ಕದಡುವುದನ್ನು ಮೂವತ್ತು ವರ್ಷದಿಂದ ಮಾಡಿದ ಕೈ. "ಅದ್ಯಾಕವ್ವ ಹಂಗೆ ಕುಲುಕ್ತೀಯ? ಮೊದ್ಲು ಎರಡು ಚಮಚ ತಣ್ಣೀರ್ನಾಗೆ ಕಲಸು, ಆಮೇಲೆ ನೀರು ಬಿಟ್ಕೋ" ಅಂದರು. ಎರಡು ಚಮಚ ನೀರಿನಲ್ಲಿ ದೋಸೆ ಹಿಟ್ಟಿನಷ್ಟು ಗಟ್ಟಿಗೆ ಕಲಸಿ, ಗಂಟು ಒಡೆದು, ಆಮೇಲೆ ಸ್ವಲ್ಪ ಸ್ವಲ್ಪವೇ ಉಗುರುಬೆಚ್ಚಗಿನ ನೀರು ಬಿಡುತ್ತ ತಿರುಗಿಸಿದರೆ ನೊರೆಯೂ ಇಲ್ಲ, ಗಂಟೂ ಇಲ್ಲ. ಪುಡಿಯನ್ನೇ ಕುಡಿಯಬೇಕಾದವರು ಇಷ್ಟು ನೆನಪಿಟ್ಟುಕೊಂಡರೆ ಸಾಕು, ಶೇಕರ್ ಬಾಟಲಿಯನ್ನು ಎತ್ತಿಡಿ.

ನೊರೆ ಹೋದಮೇಲೂ ಹೊಟ್ಟೆ ಗುಡುಗುಡು ಎನ್ನುವುದು ನಿಲ್ಲಲಿಲ್ಲ. ಚಾಕೊಲೇಟ್ ಡಬ್ಬ ಕಾನ್ಸಂಟ್ರೇಟ್ ಜಾತಿಯದು, ಅದರಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಸಾಕಷ್ಟು ಉಳಿದಿರುತ್ತದೆ. ಐಸೊಲೇಟಿನಲ್ಲಿ ಅದನ್ನು ಬಹುಪಾಲು ತೆಗೆದಿರುತ್ತಾರೆ. ಆಪರೇಷನ್ ಆದಮೇಲೆ ಕೆಲವರಿಗೆ ಹಾಲೇ ಒಗ್ಗುವುದಿಲ್ಲ, ನನಗೂ ಹಾಗಾಯಿತು.

ಆದ್ದರಿಂದ ಎರಡನೆಯದು, ರುಚಿ ಬೆರೆಸದ ಐಸೊಲೇಟ್. ಇದರ ಬಗ್ಗೆ ನನಗೆ ಗೌರವವಿದೆ. ಒಂದು ಅಳತೆಗೆ 25 ಗ್ರಾಂ ಮೇಲೆ ಪ್ರೋಟೀನ್, ಸಿಹಿ ಇಲ್ಲ, ಹೊಟ್ಟೆ ಗುಡುಗಲಿಲ್ಲ. ಬೇಳೆ ಕಟ್ಟಿಗೆ ಉಪ್ಪು, ಜೀರಿಗೆ ಹಾಕಿ, ಆರಿದಮೇಲೆ ಇದನ್ನು ಕದಡಿಕೊಂಡರೆ ಬಾಯಿಗೆ ಬೇರೆಯೆಂದು ತಿಳಿಯುವುದಿಲ್ಲ. ಬರೀ ದ್ರವದ ಮೇಲೆ ಇರಬೇಕಾದ ಮೊದಲ ವಾರಗಳಲ್ಲಿ ನನ್ನನ್ನು ದಾಟಿಸಿದ್ದು ಇದೇ. ಬೆಲೆ ಮಾತ್ರ ಕೆಜಿಗೆ 3,500 ದಾಟುತ್ತದೆ.

ಹುರಿಗಡಲೆ ಹಿಟ್ಟು ಮಜ್ಜಿಗೆಗೆ ಹಾಕಿ ಕುಡಿಯುವುದನ್ನು ನಮ್ಮ ಶಾಲೆಯ ಅಡುಗೆಯ ಅಕ್ಕ ಹೇಳಿಕೊಟ್ಟರು. ಅಗ್ಗ, ರುಚಿಯೂ ಚೆನ್ನ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು 20 ಗ್ರಾಂ ಆಸುಪಾಸು. ಎರಡು ದೊಡ್ಡ ಚಮಚ ಹಾಕಿದರೆ ನಾಲ್ಕು ಗ್ರಾಂ, ಅಷ್ಟಕ್ಕೇ ನನ್ನ ಹೊಟ್ಟೆ ತುಂಬಿ, ಸಂಜೆಗೆ ಗ್ಯಾಸ್. ಪಕ್ಕದ ಆಟಗಾರ, ಮುಖ್ಯ ಆಟಗಾರ ಅಲ್ಲ.

ಸೋಯಾ ಚಂಕ್ಸ್: ಪುಡಿಗಳನ್ನು ಬಿಟ್ಟರೆ ಕಾಗದದ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರೋಟೀನ್, ಎಷ್ಟು ಅಗಿದರೂ ರಬ್ಬರ್, ಎರಡು ಸಲ ಗಂಟಲ ಕೆಳಗೆ ಸಿಕ್ಕಿಕೊಂಡಿತು.

ಪ್ರೋಟೀನ್ ಬಿಸ್ಕತ್ತು: ಪೊಟ್ಟಣದ ಹಿಂದೆ ಸಕ್ಕರೆ ಎಷ್ಟಿದೆ ಓದಿ, ಮತ್ತೆ ಅಂಗಡಿಯಲ್ಲೇ ಇಟ್ಟುಬಿಡಿ.

ಇನ್ನು ಮೊಸರು. ನಂದಿನಿಯ ನೀಲಿ ಪ್ಯಾಕೆಟ್ ಹಾಲು ಒಂದು ಲೀಟರ್, 50 ರೂಪಾಯಿಯೊಳಗೆ ಬರುತ್ತದೆ. ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಬೇಕು. ಕಾಯಿಸಿದ ಹಾಲಿನ ಮೊಸರಾದರೆ ಬಸಿಯುವ ನೀರಿನ ಜೊತೆ ಪ್ರೋಟೀನ್ ಹೆಚ್ಚು ಹೋಗುವುದಿಲ್ಲ, ಕಾಸುವಾಗಲೇ ಅದು ಮೊಸರಿನ ಗಟ್ಟಿ ಭಾಗಕ್ಕೆ ಅಂಟಿಕೊಂಡಿರುತ್ತದೆ. ಹಾಲಿನ ಸಕ್ಕರೆ ಅರ್ಧಂಬರ್ಧ ಹುಳಿಯಾಗಿ, ಉಳಿದದ್ದರಲ್ಲಿ ಬಹುಪಾಲು ನೀರಿನ ಜೊತೆ ಇಳಿದುಹೋಗುತ್ತದೆ. ನನ್ನಂಥ ಹಾಲು ಒಗ್ಗದವರಿಗೆ ಇದು ದೊಡ್ಡ ಅನುಕೂಲ. ಐದಾರು ಗಂಟೆ ಬಸಿದರೆ 350 ಗ್ರಾಂ ಮೇಲೆ ಗಟ್ಟಿ ಮೊಸರು, ಅದರಲ್ಲಿ ಸುಮಾರು 26 ಗ್ರಾಂ ಪ್ರೋಟೀನ್. ಬೇಸಿಗೆಯಲ್ಲಿ ನಲ್ಲಿಗೆ ನೇತುಹಾಕಿದರೆ ಹುಳಿ ಏರುತ್ತದೆ, ಜರಡಿಯಲ್ಲಿ ಇಟ್ಟು ಫ್ರಿಜ್ಜಿಗೆ ತಳ್ಳಿ.

ಒಂದು ಅಳತೆ ಪುಡಿಯಲ್ಲಿ ಬರುವಷ್ಟು ಪ್ರೋಟೀನಿಗೆ ಇಡೀ ದಿನದ ಮೊಸರು ಬೇಕು, ನಿಜ. ಆದರೂ ನಾನು ಮೊಸರಿನ ಕಡೆ ನಿಲ್ಲಲು ಕಾರಣ ನನ್ನ ಶಾಲೆಯ ಗಂಟೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ಅರ್ಧ ಗಂಟೆ ನಂತರ ನೀರು ಕುಡಿಯುವ ಹಾಗಿಲ್ಲ ಎಂಬುದು ನಮ್ಮಂಥವರ ನಿಯಮ. ಪುಡಿ ಕದಡಿದ 200 ಎಂಎಲ್ ಕುಡಿದು ಮುಗಿಸಲು ಗುಟುಕು ಗುಟುಕಾಗಿ ಒಂದು ಗಂಟೆ ಬೇಕು, ಪಾಠ ಮಾಡುತ್ತ ಅದು ಆಗದು. ಅರ್ಧ ಲೋಟ ಗಟ್ಟಿ ಮೊಸರು ಹದಿನೈದು ನಿಮಿಷದ ಇಂಟರ್ವಲ್ಲಿನಲ್ಲಿ ನಿಧಾನವಾಗಿ ತಿಂದು ಮುಗಿಯುತ್ತದೆ. ಮುಂದಿನ ಪೀರಿಯಡ್ ಮುಗಿಯುವ ಹೊತ್ತಿಗೆ ನೀರು ಕುಡಿಯಬಹುದು. ಮೇಲಾಗಿ ದ್ರವ ಆ ಕೊಳವೆಯಲ್ಲಿ ನಿಲ್ಲುವುದಿಲ್ಲ, ಸರ್ರನೆ ಇಳಿದುಹೋಗುತ್ತದೆ. ಎಂಟಕ್ಕೆ ಪುಡಿ ಕುಡಿದರೆ ಒಂಬತ್ತೂವರೆಗೆ ಏನಾದರೂ ಬಾಯಿಗೆ ಹಾಕೋಣ ಅನ್ನಿಸುತ್ತಿತ್ತು. ಮೊಸರು ಹನ್ನೊಂದರವರೆಗೆ ತಡೆಯುತ್ತದೆ.

ನಾಲಿಗೆಯ ಮಾತೂ ಇದೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಒಂದು ದಿನ, ಸೌತೆಕಾಯಿ ತುರಿ ಒಂದು ದಿನ, ದೊಡ್ಡಪತ್ರೆ ಅರೆದು ಒಂದು ದಿನ. ಇಷ್ಟು ತಿಂಗಳಲ್ಲಿ ಬೇಸರ ಬಂದಿಲ್ಲ. ಚಾಕೊಲೇಟಿಗೆ ಹತ್ತು ದಿನಕ್ಕೇ ಬಂತು.

ಮೊಸರಿನ ತೊಡಕು ಒಂದೇ, ಕಬ್ಬಿಣದ ಮಾತ್ರೆ. ಸುಣ್ಣದಂಶವಿರುವ ಯಾವುದೂ ಕಬ್ಬಿಣದ ಜೊತೆ ಹೋಗಬಾರದು, ಎರಡು ಗಂಟೆ ಅಂತರ ಬೇಕು. ದಿನಕ್ಕೆ ಮೂರು ಸಲ ಮೊಸರು, ಎರಡು ಸಲ ಕ್ಯಾಲ್ಸಿಯಂ ಸಿಟ್ರೇಟ್, ಇವುಗಳ ನಡುವೆ ಕಬ್ಬಿಣವನ್ನು ಎಲ್ಲಿ ತೂರಿಸುವುದು? ಈಗ ಏಳಕ್ಕೆ ಕೊನೆಯ ಊಟ, ಹತ್ತಕ್ಕೆ ಕಬ್ಬಿಣ ನುಂಗಿ ಮಲಗುತ್ತೇನೆ. ಬಿ12, ವಿಟಮಿನ್ ಡಿ ಮಾತ್ರೆಗಳನ್ನು ಮೊಸರಾಗಲಿ ಪುಡಿಯಾಗಲಿ ತಪ್ಪಿಸುವುದಿಲ್ಲ, ಅವು ಜೀವನಪೂರ್ತಿ.

ಮೊಸರೊಂದರಿಂದಲೇ ಲೆಕ್ಕ ತುಂಬುವುದಿಲ್ಲ. ಜೊತೆಗೆ ಎರಡು ಮೊಟ್ಟೆಯ ಮೆತ್ತನೆ ಬುರ್ಜಿ 12 ಗ್ರಾಂ, ಗಟ್ಟಿ ಹೆಸರುಬೇಳೆ ತೊವ್ವೆ ಅರ್ಧ ಬಟ್ಟಲು ಆರೇಳು, ಐವತ್ತು ಗ್ರಾಂ ಪನೀರ್ ಅಥವಾ ಮೀನು ಒಂಬತ್ತು ಹತ್ತು, ಸಂಜೆ ಹುರಿಗಡಲೆ ಮಜ್ಜಿಗೆ ನಾಲ್ಕು. ಕೂಡಿದರೆ 60ರ ಹತ್ತಿರ. ಬೇಯಿಸಿದ ಮೊಟ್ಟೆಯ ಹಳದಿ ಒಣಗಿ ಎದೆಯಲ್ಲಿ ನಿಲ್ಲುತ್ತದೆ, ಬುರ್ಜಿಯೇ ಒಳ್ಳೆಯದು.

ಅತ್ತೆಗೆ ಬಹಳ ದಿನ ಸಂಕಟವಿತ್ತು. "ಮುದ್ದೆ ಇಲ್ದೆ ಮೈನಾಗೆ ಶಕ್ತಿ ಹೆಂಗ್ ನಿಲ್ತದವ್ವ?" ನಾಲ್ಕನೇ ತಿಂಗಳಲ್ಲಿ ನನ್ನ ಕೂದಲು ಬಾಚಣಿಗೆ ತುಂಬ ಬಂದಾಗ ಅವರ ಮಾತು ಇನ್ನೂ ಗಟ್ಟಿಯಾಯಿತು. ಅವರ ಸಮಾಧಾನಕ್ಕೆ ನಿಂಬೆಹಣ್ಣಿನ ಗಾತ್ರದ ಮುದ್ದೆ ತೆಗೆದುಕೊಂಡೆ. ಮುದ್ದೆಯನ್ನು ನುಂಗುವುದೇ ಹುಟ್ಟಿದಾಗಿನಿಂದ ಕಲಿತದ್ದು, ನಮ್ಮ ಹೊಸ ಹೊಟ್ಟೆಗೆ ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಅಭ್ಯಾಸಬಲದಿಂದ ಬಸ್ಸಾರಿನಲ್ಲಿ ಅದ್ದಿ ನುಂಗಿಬಿಟ್ಟೆ, ಒಂದು ಗಂಟೆ ಒದ್ದಾಡಿ ವಾಂತಿಯಾಯಿತು. ಅಂದಿನಿಂದ ಅತ್ತೆ ತಾವೇ ನನಗೆ ಬೇರೆಯಾಗಿ ರಾಗಿ ಅಂಬಲಿ ಕಾಯಿಸುತ್ತಾರೆ. ಮುದ್ದೆಯ ಮಾತು ಎತ್ತಿಲ್ಲ. ಕೂದಲು ಉದುರುವುದು ತೂಕ ಬೇಗ ಇಳಿಯುವಾಗ ಮೂರರಿಂದ ಆರನೇ ತಿಂಗಳಲ್ಲಿ ಸಾಮಾನ್ಯವಂತೆ. ನನಗೆ ಎಂಟನೇ ತಿಂಗಳಿಗೆ ಹಣೆಯಂಚಿನಲ್ಲಿ ಸಣ್ಣ ಕೂದಲು ಚಿಗುರಿತು. ಆರನೇ ತಿಂಗಳ ರಕ್ತಪರೀಕ್ಷೆಯಲ್ಲಿ ಪ್ರೋಟೀನ್ ಸರಿಯಾಗಿತ್ತು.

ನನ್ನ ಮಟ್ಟಿಗೆ ತೀರ್ಮಾನ ಹೀಗೆ. ಮನೆಯಲ್ಲಿ ಹಾಲು ಕಾಯಿಸಿ ಹೆಪ್ಪು ಹಾಕುವ ರೂಢಿ ಇದ್ದು, ತಿಂಗಳಿಗೆ ಪುಡಿಗೆಂದು ಮೂರು ಸಾವಿರ ತೆಗೆದಿಡುವುದು ಕಷ್ಟ ಎನ್ನುವವರು ಮೊಸರಿಗೆ ಬನ್ನಿ. ಬೆಂಗಳೂರಿನಲ್ಲಿ ಏಳಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬರುವವರು, ಒಬ್ಬರೇ ಇರುವವರು ಐಸೊಲೇಟ್ ಕೊಳ್ಳಿ, ಅದೂ ಮೊದಲು ಒಂದು ಸಣ್ಣ ಪ್ಯಾಕೆಟ್, ಆಪರೇಷನ್ ಆದಮೇಲೆ ನಾಲಿಗೆಗೆ ತೋರಿಸಿ. ಸ್ಲೀವ್ ಬದಲು ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಮಾಡಿಸಿಕೊಂಡವರಿಗೆ ಸಿಹಿ ಪುಡಿಯಿಂದ ಬೆವರು, ತಲೆಸುತ್ತು, ಭೇದಿ ಇನ್ನೂ ಜೋರಾಗಿ ಬರಬಹುದು, ಅವರು ಡಬ್ಬದ ಹಿಂದಿನ ಸಕ್ಕರೆಯ ಸಾಲನ್ನು ಓದದೆ ಕೊಳ್ಳಲೇಬೇಡಿ. ನಿಮ್ಮ ಡಯಟೀಷಿಯನ್ ಹೇಳಿದ ಗ್ರಾಂ ನನ್ನದಕ್ಕಿಂತ ಬೇರೆಯಿದ್ದರೆ ಅವರದ್ದೇ ಹಿಡಿಯಿರಿ.

ಮದುವೆಗೋ ತವರಿಗೋ ಹೊರಟಾಗ ಐಸೊಲೇಟಿನ ಎರಡು ಪೊಟ್ಟಣ ನನ್ನ ಬ್ಯಾಗಿನಲ್ಲಿ ಇದ್ದೇ ಇರುತ್ತವೆ. ಉಳಿದ ದಿನ ಬೆಳಿಗ್ಗೆ ಐದೂವರೆಗೆ ಪಂಚೆಯ ತುಂಡು ಒಗೆದು, ಮೊಸರು ಸುರಿದು, ಗಂಟು ಬಿಗಿಯುತ್ತೇನೆ. ಬಸಿದ ಹಳದಿ ನೀರನ್ನು ಅತ್ತೆ ಚೆಲ್ಲಲು ಬಿಡುವುದಿಲ್ಲ, ಹಿತ್ತಲಿನ ಕರಿಬೇವಿನ ಬುಡಕ್ಕೆ ಒಯ್ಯುತ್ತಾರೆ.