ಕರಾವಳಿಯ ಸೆಕೆ, ಶಿರಸಿಯ ಮಳೆ: ಯಾವ ಹೆಡ್‌ಫೋನ್, ಎಂಥ ಆಂಪ್ಲಿಫೈಯರ್?

ಹಣ ಕಡಿಮೆ ಇದ್ದರೆ ಮುಕ್ಕಾಲು ಪಾಲು ಹೆಡ್‌ಫೋನಿಗೇ ಹಾಕಿ. ಆಂಪ್ಲಿಫೈಯರ್ ದನಿ ಏರಿಸೀತು, ಹೆಡ್‌ಫೋನಿನ ಗುಣ ಬದಲಿಸಲಾರದು.

ನೋಡಬೇಕಾದವು ಎರಡು: ಮುಚ್ಚಿದ ಬಗೆಯ, ಅಂದರೆ ಹೊರಬದಿ ಮುಚ್ಚಿ ದನಿ ತಡೆಯುವ ಆಡಿಯೊ-ಟೆಕ್ನಿಕಾ ಎಂ40ಎಕ್ಸ್ (35 ಓಮ್), ತೆರೆದ ಬಗೆಯ, ಅಂದರೆ ಹೊರಬದಿಯಲ್ಲಿ ಗಾಳಿ, ದನಿ ಎರಡೂ ಓಡಾಡುವ ಸೆನ್‌ಹೈಸರ್ ಎಚ್‌ಡಿ 560ಎಸ್ (120 ಓಮ್). ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ; ಅದು ಹೆಚ್ಚಿದಷ್ಟೂ ಸಾಮಾನ್ಯವಾಗಿ ಹೆಚ್ಚು ವೋಲ್ಟ್ ಬೇಕು. ಯಕ್ಷಗಾನದ ಒಳ್ಳೆಯ ರೆಕಾರ್ಡಿಂಗ್ ಹಾಕಿ ನೋಡಿ. 560ಎಸ್‌ನಲ್ಲಿ ಚಂಡೆಯ ಪೆಟ್ಟು, ಮದ್ದಳೆ, ಭಾಗವತರ ದನಿ ಬೇರೆಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ಆ ಸುಖವೇ ಬೇರೆ. ಆದರೆ ಶಿರಸಿಯ ಆಷಾಢದ ಮಳೆ ತಗಡಿನ ಮಾಡಿಗೆ ಬಡಿಯುವಾಗ ಅದರೊಳಗೆ ಮಳೆಯೇ ಕೇಳುತ್ತದೆ, ಪಕ್ಕದಲ್ಲಿ ಮಲಗಿದವರಿಗೆ ನಿಮ್ಮ ಪದ್ಯ ಕೇಳುತ್ತದೆ. ಅಲ್ಲಿ ಎಂ40ಎಕ್ಸ್ ವಾಸಿ.

ಕಾರವಾರದ ಸೆಕೆಯಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಎಂ40ಎಕ್ಸ್‌ನಲ್ಲಿ ಕಿವಿಗೆ ಕೂರುವ ಕೃತಕ ಚರ್ಮದ ದಿಂಬು ಬೆವರಿಗೆ ಸಿಪ್ಪೆ ಏಳುತ್ತದೆ. 560ಎಸ್‌ನ ಮಕಮಲ್ಲು ಗಾಳಿಯಾಡುತ್ತದೆ, ಬೆವರು ಹೀರಿದರೆ ನೆರಳಲ್ಲಿ ಒಣಗಿಸಿದರಾಯಿತು. ಎರಡರಲ್ಲೂ ದಿಂಬು, ಕೇಬಲ್ ಬದಲಿಸಬಹುದು.

ಎಂ40ಎಕ್ಸ್‌ಗೆ ಫೋನಿನ ಜ್ಯಾಕ್ ಸಾಕು. 560ಎಸ್ 1 ವೋಲ್ಟಿಗೆ 110 ಡೆಸಿಬೆಲ್, ಅಂದರೆ ಕಿವಿಗೆ ಬೇಕಾದ್ದಕ್ಕಿಂತ ಜೋರು ದನಿ ಕೊಡುತ್ತದೆ, ಹಾಗಾಗಿ 1 ವೋಲ್ಟ್ ಹೊರಡಿಸುವ ಯುಎಸ್‌ಬಿ-ಸಿ ಡಾಂಗಲ್ (ಫೋನಿನ ಚಾರ್ಜಿಂಗ್ ಕಿಂಡಿಗೆ ಸಿಕ್ಕಿಸಿ ಹೆಡ್‌ಫೋನ್ ಜೋಡಿಸುವ ಪುಟ್ಟ ಸಾಧನ) ಧಾರಾಳ. ಕರೆಂಟ್ ಹೋದರೂ ಅದು ಫೋನಿನಿಂದಲೇ ನಡೆಯುತ್ತದೆ. ಮೇಜಿನ ಆಂಪ್ಲಿಫೈಯರ್ ಬೇಕಾಗುವುದು ಮುಂದೆ 300 ಓಮಿನ ಹೆಡ್‌ಫೋನ್ ಕೊಳ್ಳುವವರಿಗೆ.