ರಿಪೇರಿಗೆ ಕೊಟ್ಟಿದ್ದು ನಮ್ಮ ಮಾರಿಯೋ, ವಾಪಸ್ ಬಂದಿದ್ದು ಕರಿ ಬೊಟ್ಟು

ಹಳೇ ವಿಡಿಯೋ ಗೇಮ್ ಸೆಟ್ಟು ಮನೆಯಲ್ಲಿ ಇಟ್ಟುಕೊಂಡಿರುವವರು ಇದನ್ನು ಒಮ್ಮೆ ಓದಿ. ರಿಪೇರಿಗೆ ಕೊಡುವ ಮೊದಲೇ ಓದಿ. ನಾನು ಕೊಟ್ಟ ಮೇಲೆ ಕಲಿತೆ.

ನಮ್ಮ ಮನೆ ಇರುವುದು ಆಲ್ದೂರಿನ ಹತ್ತಿರ. 1993ರಲ್ಲಿ ನಮ್ಮ ಸೋದರಮಾವ ಜರ್ಮನಿಯಿಂದ ವಾಪಸ್ ಬರುವಾಗ ನನಗೂ ತಂಗಿಗೂ ಅಂತ ಒಂದು ನಿಂಟೆಂಡೊ ತಂದರು. ಬೂದು ಬಣ್ಣದ ಚೌಕ ಪೆಟ್ಟಿಗೆ. ಮುಂದೊಂದು ಬಾಗಿಲು. ಅದನ್ನು ಎತ್ತಿ ಕ್ಯಾಸೆಟ್ ಒಳಗೆ ತಳ್ಳಿ, ಟಕ್ ಅನ್ನುವವರೆಗೆ ಕೆಳಕ್ಕೆ ಅದುಮಬೇಕು. ಅಲ್ಲಿಯೂ ಇಲ್ಲಿಯೂ ಟಿವಿ ಪದ್ಧತಿ ಪಾಲ್. ಕರೆಂಟಿನ ವೋಲ್ಟೇಜೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನಮ್ಮ ಮನೆಯ ಟಿವಿಗೆ ಚುಚ್ಚಿದ ಕೂಡಲೇ ಓಡಿತು. ಆ ಕಾಲಕ್ಕೆ ಬೇರೆ ಮನೆಗಳಲ್ಲಿ ಇದ್ದದ್ದು ಕ್ಯಾಸೆಟ್ಟನ್ನು ಮೇಲಿಂದ ಚುಚ್ಚುವ ಹಗುರವಾದ ಸೆಟ್ಟುಗಳು. ನಮ್ಮದು ಅಸಲಿ ಅಂತ ನನಗೆ ಸ್ವಲ್ಪ ಜಂಬ ಇತ್ತು. ಸುಳ್ಳು ಯಾಕೆ ಹೇಳಲಿ, ಈಗಲೂ ಇತ್ತು.

ಕ್ಯಾಸೆಟ್ ಮೂರು. ಮಾರಿಯೋ, ಟೆಟ್ರಿಸ್, ಫುಟ್‌ಬಾಲ್ ಮೂರೂ ಸೇರಿಸಿ ಯೂರೋಪಿಗೆಂದೇ ಮಾಡಿದ್ದು ಒಂದು. ಚಿನ್ನದ ಬಣ್ಣದ ಜೆಲ್ಡಾ ಒಂದು. ಕ್ಯಾಸಲ್‌ವೇನಿಯಾ 3 ಇನ್ನೊಂದು. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ.

ಮುಂಗಾರಿನಲ್ಲಿ ನಮ್ಮ ಕಡೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ವಿಡಿಯೋ ಗೇಮ್ ಯಾವ ಲೆಕ್ಕ? ಕಳೆದ ಮಳೆಗಾಲದಲ್ಲಿ ಮಗನಿಗೆ ತೋರಿಸೋಣ ಅಂತ ಅಟ್ಟದಿಂದ ಇಳಿಸಿ ಹಚ್ಚಿದೆ. ಕೆಂಪು ದೀಪ ಮಿಣುಕಲು ಶುರುವಾಯಿತು. ಸೆಕೆಂಡಿಗೊಂದು ಸಲ ಹತ್ತುವುದು, ಆರುವುದು. ಪರದೆಯೂ ಅದರ ಜೊತೆಗೇ ಬಂದು ಹೋಗುತ್ತಿತ್ತು. ಚಿಕ್ಕವರಿದ್ದಾಗ ಮಾಡಿದ ಹಾಗೆ ಕ್ಯಾಸೆಟ್ಟಿನ ಬಾಯಿಗೆ ಊದಿದೆ. (ಊದಬೇಡಿ. ಬಾಯಿಯ ತೇವ ಹೋಗಿ ತಾಮ್ರದ ಮೇಲೆ ಕೂರುತ್ತದೆ.) ಸರಿ ಹೋಗಲಿಲ್ಲ. ಚಿಕ್ಕಮಗಳೂರು ಪೇಟೆಯಲ್ಲಿ ಮೊಬೈಲು, ಗೇಮು ಎಲ್ಲ ರಿಪೇರಿ ಮಾಡುವ ಒಂದು ಅಂಗಡಿಗೆ ಕೊಟ್ಟು ಬಂದೆ. ಹೆಸರು ಹೇಳುವುದಿಲ್ಲ. ಹೆಸರಿಗಿಂತ ಅವರು ಮಾಡಿದ ಕೆಲಸ ಏನು ಅನ್ನುವುದು ನಿಮಗೆ ಮುಖ್ಯ.

ಎರಡು ವಾರ ಬಿಟ್ಟು ಫೋನ್ ಬಂತು. 'ಸಾರ್, ರೆಡಿ ಇದೆ, ಬನ್ನಿ.' ಅಲ್ಲೇ ಟಿವಿಗೆ ಹಾಕಿ ತೋರಿಸಿದರು. ದೀಪ ಮಿಣುಕುತ್ತಿಲ್ಲ. ಮಾರಿಯೋ ಬಂದ. ನನ್ನ ಮುಖ ಅರಳಿತು. 1800 ರೂಪಾಯಿ ಕೊಟ್ಟೆ. ಹೊರಡುವಾಗ ಆ ಹುಡುಗ ಒಂದು ಮೊಬೈಲ್ ಚಾರ್ಜರ್ ಕೈಗಿಟ್ಟ. 'ಹಳೇ ಅಡಾಪ್ಟರ್ ಸುಟ್ಟು ಹೋಗಿತ್ತು ಸಾರ್. ಸುಮ್ನೆ ಭಾರ ಬೇರೆ. ಇನ್ಮೇಲೆ ಇದರಲ್ಲೇ ಓಡುತ್ತೆ. ಚಾರ್ಜ್ ಇಲ್ಲ, ಫ್ರೀ.'

ಅಲ್ಲೇ ನಿಂತು ಯೋಚನೆ ಮಾಡಬೇಕಿತ್ತು. ಆ ನಿಂಟೆಂಡೊ ಜೊತೆಗೆ ಬರುವ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಮೊಬೈಲ್ ಚಾರ್ಜರ್ ಕೊಡುವುದು 5 ವೋಲ್ಟ್ ಡಿಸಿ. ಎಸಿಯನ್ನು ಡಿಸಿ ಮಾಡಿ 5 ವೋಲ್ಟಿಗೆ ಇಳಿಸುವ ಕೆಲಸ ಅಸಲಿ ಸೆಟ್ಟಿನ ಒಳಗೇ ನಡೆಯುತ್ತದೆ. ಮೊಬೈಲ್ ಚಾರ್ಜರಿನಲ್ಲಿ ಓಡುತ್ತದೆ ಅಂದರೆ ಒಳಗೆ ಏನೋ ಬದಲಾಗಿದೆ ಅಂತಲೇ ಅರ್ಥ. ನನಗೆ ಆಗ ಹೊಳೆದದ್ದು ಒಂದೇ, ಚಾರ್ಜರ್ ಪುಕ್ಕಟೆ ಸಿಕ್ಕಿತು ಅಂತ.

ಕಳ್ಳತನ ಹಿಡಿದದ್ದು ನನ್ನ ತಂಗಿ. ಅವಳು ಹಾಸನದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಗಣಪತಿ ಹಬ್ಬಕ್ಕೆ ಬಂದವಳು ಅಡುಗೆಮನೆಯಲ್ಲಿ ಕಡುಬಿನ ಹಿಟ್ಟು ಕಲಸುತ್ತಿದ್ದಳು. ನಾನು, ಮಗ ಹಜಾರದಲ್ಲಿ ಆಡುತ್ತಿದ್ದೆವು. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

'ಅಣ್ಣ, ಇದು ನಮ್ಮ ಮಾರಿಯೋ ಅಲ್ಲ ಕಣೋ.'

'ಯಾಕೆ, ಮೀಸೆ ಬೋಳಿಸಿದ್ದಾನಾ?'

'ತಮಾಷೆ ಅಲ್ಲ. ಶ್ರುತಿ ಏರಿದೆ. ತಾಳನೂ ಓಡ್ತಾ ಇದೆ. ದನಿನೇ ಬೇರೆ ಇದೆ.'

ನಾನು ಒಪ್ಪಲಿಲ್ಲ. ಮೂವತ್ತು ವರ್ಷದ ಹಿಂದಿನ ಶ್ರುತಿ ಯಾರಿಗೆ ನೆನಪಿರುತ್ತದೆ ಅಂತ ವಾದ ಮಾಡಿದೆ. ಅವಳು ಹಾಡಿ ತೋರಿಸಿದಳು, ನಾನು ಇನ್ನೂ ಮೊಂಡು ಹಿಡಿದೆ. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಅವಳು ಹೇಳಿದ ಮೂರಕ್ಕೆ ಮೂರೂ ಸರಿ.

ಯೂರೋಪಿನ ನಿಂಟೆಂಡೊ ಸೆಕೆಂಡಿಗೆ 50 ಚಿತ್ರ ಬಿಡಿಸುತ್ತದೆ. ಜಪಾನು, ಅಮೆರಿಕದ್ದು 60. ಆಟದ ಓಟವೂ ಹಾಡಿನ ತಾಳವೂ ಈ ಎಣಿಕೆಗೇ ಕಟ್ಟುಬಿದ್ದಿವೆ. ಹಾಗಾಗಿ 50ಕ್ಕೆ ಅಂತ ಮಾಡಿದ ಕ್ಯಾಸೆಟ್ಟನ್ನು 60ರ ಬೋರ್ಡಿಗೆ ಹಾಕಿದರೆ ಎಲ್ಲವೂ ಐದರಲ್ಲಿ ಒಂದು ಪಾಲು ಜೋರಾಗುತ್ತದೆ. ಶ್ರುತಿ ಬರುವುದು ಪ್ರೊಸೆಸರಿನ ವೇಗದಿಂದ. ಯೂರೋಪಿನದು 1.66 ಮೆಗಾಹರ್ಟ್ಸ್, ಅಮೆರಿಕದ್ದು 1.79. ಅಷ್ಟು ವ್ಯತ್ಯಾಸಕ್ಕೆ ಶ್ರುತಿ ಒಂದು ಸ್ವರಸ್ಥಾನಕ್ಕಿಂತ ಸ್ವಲ್ಪ ಜಾಸ್ತಿಯೇ ಮೇಲೇರುತ್ತದೆ. ಸಂಗೀತದ ಮೇಡಮ್ಮಿಗೆ ಕೇಳದೇ ಇರುತ್ತದಾ?

ಮೂರನೆಯದು ದನಿ. ಈ ಸೆಟ್ಟಿನ ರಾಗ ಹುಟ್ಟುವುದು ಚೌಕ ಅಲೆಯಿಂದ. ಅಲೆ ಕಾಲು ಪಾಲು ಹೊತ್ತು ಮೇಲಿದ್ದರೆ ದನಿ ತೆಳ್ಳಗೆ, ಮೂಗಿನಿಂದ ಬಂದ ಹಾಗೆ. ಅರ್ಧ ಹೊತ್ತು ಮೇಲಿದ್ದರೆ ದುಂಡಗೆ, ಕೊಳವೆಯೊಳಗಿಂದ ಬಂದ ಹಾಗೆ. ಅಗ್ಗದ ನಕಲು ಚಿಪ್ಪುಗಳಲ್ಲಿ ಬಹಳಷ್ಟರಲ್ಲಿ ಇವೆರಡೂ ಅದಲುಬದಲಾಗಿವೆ. ಮೂಗಿನ ದನಿ ಬರಬೇಕಾದಲ್ಲಿ ಕೊಳವೆಯದು, ಕೊಳವೆಯದು ಬರಬೇಕಾದಲ್ಲಿ ಮೂಗಿನದು. ನಕಲು ಗುರುತಿಸಲು ಬಲ್ಲವರು ಮೊದಲು ಕಿವಿ ಕೊಡುವುದು ಇದಕ್ಕೇ.

ಅವತ್ತು ಸಂಜೆ ಕ್ಯಾಸಲ್‌ವೇನಿಯಾ 3 ಹಾಕಿದೆ. ಪರದೆ ತುಂಬ ಕಸ. ಅಕ್ಷರ, ಚೌಕ ಎಲ್ಲ ಕಲಸಿಹೋದ ಹಾಗೆ. ಆ ಕ್ಯಾಸೆಟ್ಟಿನೊಳಗೆ ಅದರದೇ ಒಂದು ಜಾಣ ಚಿಪ್ಪಿದೆ, ಎಮ್‌ಎಮ್‌ಸಿ5 ಅಂತ. ಸೆಟ್ಟಿನ ಚಿತ್ರದ ಚಿಪ್ಪು ಯಾವಾಗ ಏನನ್ನು ಓದುತ್ತಿದೆ ಅಂತ ಅದು ಕದ್ದು ನೋಡುತ್ತಾ, ಗೆರೆ ಎಣಿಸುತ್ತಾ ಕೂತಿರುತ್ತದೆ. ಚಿತ್ರದ ಚಿಪ್ಪು ನಕಲಾದರೆ ಎಣಿಕೆ ತಪ್ಪುತ್ತದೆ. ಬಡಪಾಯಿ ಜೆಲ್ಡಾಕ್ಕೆ ಇಂಥ ತಕರಾರಿಲ್ಲ, ಅದು ಚೆನ್ನಾಗಿ ಓಡಿತು. ಬರೀ ಮಾರಿಯೋ ಹಾಕಿ ತೋರಿಸಿದರೆ ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಅವರು ಹಾಕಿದ್ದೂ ಅದನ್ನೇ.

ಪರದೆಯ ಮೇಲಿನ ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ಆಟದ ಗನ್ನು ಕೆಲಸ ಮಾಡುತ್ತದಾ ನೋಡಿ ಅಂತ ನೀವು ಹೇಳಬಹುದು. ಆ ಗನ್ನು ಈಗಿನ ಎಲ್‌ಸಿಡಿ ಟಿವಿಯ ಮುಂದೆ ಅಸಲಿ ಸೆಟ್ಟಿಗೆ ಹಾಕಿದರೂ ಕೆಲಸ ಮಾಡುವುದಿಲ್ಲ. ಅದಕ್ಕೆ ಡಬ್ಬಾ ಟಿವಿಯೇ ಬೇಕು. ಹಾಗಾಗಿ ಆ ಪರೀಕ್ಷೆ ನಂಬಬೇಡಿ.

ಹಬ್ಬ ಮುಗಿದ ಮೇಲೆ ತಂಗಿಯನ್ನು ಬಿಡಲು ಬೇಲೂರಿನ ಮೇಲೆ ಹಾಸನಕ್ಕೆ ಹೋದಾಗ ಪೆಟ್ಟಿಗೆಯನ್ನೂ ಕಾರಿನಲ್ಲಿ ಹಾಕಿಕೊಂಡೆ. ಅಲ್ಲಿ ಅವಳ ಮನೆಯ ಹತ್ತಿರ ಒಬ್ಬರು ರೇಡಿಯೋ ರಿಪೇರಿಯ ಅಜ್ಜ ಇದ್ದಾರೆ. ಸೆಟ್ಟನ್ನು ಕೈಗೆ ತಗೊಂಡವರೇ ಒಮ್ಮೆ ತೂಗಿ ನೋಡಿ, 'ಇದ್ರೊಳಗೆ ಏನೂ ಇದ್ದಂಗಿಲ್ವಲ್ಲಪ್ಪ' ಅಂದರು. ಅಡಿಯಲ್ಲಿ ಆರು ಸ್ಕ್ರೂ. ಬಿಚ್ಚಿದರು.

ಹಪ್ಪಳದಷ್ಟು ಅಗಲದ ಒಂದು ಹಸಿರು ಬೋರ್ಡು. ಅದರ ನಡುವೆ ಒಂದು ಕರಿ ಬೊಟ್ಟು. ಟಾರು ಬಿದ್ದ ಹಾಗೆ ಗುಂಡಗೆ ಗಟ್ಟಿಯಾಗಿತ್ತು. ಹಾಡುವ ಗ್ರೀಟಿಂಗ್ ಕಾರ್ಡಿನೊಳಗೆ ನೋಡಿರುತ್ತೀರಲ್ವಾ, ಅಂಥದ್ದು. ಕ್ಯಾಸೆಟ್ ಕೂರುವ ಜಾಗದಿಂದ ರಿಬ್ಬನ್ ವೈರು ಎಳೆದು ಅದಕ್ಕೆ ಬೆಸೆದಿದ್ದರು. ಉಳಿದದ್ದೆಲ್ಲ ಖಾಲಿ. ಪೆಟ್ಟಿಗೆ ಮಾವ ತಂದದ್ದು, ಒಳಗಿನದು ಇನ್ಯಾರದ್ದೋ.

ಅಲ್ಲಿ ಇರಬೇಕಾದದ್ದು ಏನು ಅಂತ ಹೇಳುತ್ತೇನೆ, ನಿಮ್ಮದನ್ನು ಬಿಚ್ಚಿದಾಗ ಹೋಲಿಸಿ ನೋಡಲು. ಅಗಲವಾದ ಬೋರ್ಡು. ನಲವತ್ತು ಕಾಲಿನ ಎರಡು ದೊಡ್ಡ ಐಸಿ. ಒಂದು ಲೆಕ್ಕ ಮತ್ತು ದನಿಗೆ, ಇನ್ನೊಂದು ಚಿತ್ರಕ್ಕೆ. ಯೂರೋಪಿನ ಸೆಟ್ಟಾದರೆ ಅವುಗಳ ಮೇಲೆ 2ಎ07, 2ಸಿ07 ಅಂತ ಇರುತ್ತದೆ. ಅಮೆರಿಕದ್ದಾದರೆ 2ಎ03, 2ಸಿ02. ಪಕ್ಕದಲ್ಲಿ ತಲಾ 2 ಕಿಲೋಬೈಟಿನ ಎರಡು ಮೆಮೊರಿ, ಒಂದಷ್ಟು ಸಣ್ಣ ಐಸಿಗಳು, ಕ್ಯಾಸೆಟ್ ಅಸಲಿಯೋ ಅಂತ ನೋಡುವ ಒಂದು ಬೀಗದ ಚಿಪ್ಪು. ಬೀಗದ ಚಿಪ್ಪೊಂದನ್ನು ಬಿಟ್ಟು ಈ ಇಡೀ ಸಂಸಾರವನ್ನು ಒಂದೇ ಚಿಪ್ಪಿಗೆ ಇಳಿಸಿದ್ದೇ ಆ ಕರಿ ಬೊಟ್ಟು.

ಹಾಗೆ ಇಳಿಸುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಅದು ದೊಡ್ಡ ವಿದ್ಯೆ. ಜೆರಿ ಎಲ್ಸ್‌ವರ್ತ್ ಅನ್ನುವ ಮಹಿಳೆ ಕಮೊಡೋರ್ 64 ಕಂಪ್ಯೂಟರನ್ನು ಒಂದೇ ಚಿಪ್ಪಿಗೆ ಇಳಿಸಿ, ಅದನ್ನು ಒಂದು ಜಾಯ್‌ಸ್ಟಿಕ್ಕಿನ ಒಳಗೆ ಕೂರಿಸಿದರು. 30 ಆಟಗಳೊಂದಿಗೆ ಅದು 2004ರಲ್ಲಿ ಮಾರಾಟಕ್ಕೆ ಬಂತು. ಸೋನಿಯವರು ಪ್ಲೇಸ್ಟೇಷನ್ 2ರ ಎರಡು ದೊಡ್ಡ ಚಿಪ್ಪುಗಳನ್ನು ಕೂಡಿಸಿ ಒಂದು ಮಾಡಿದರು. ನಿಂಟೆಂಡೊ ಕೂಡ ಸೂಪರ್ ನಿಂಟೆಂಡೊದ ಕೊನೆಕೊನೆಯ ಸೆಟ್ಟುಗಳಲ್ಲಿ ಮೂರು ಚಿಪ್ಪನ್ನು ಒಂದು ಮಾಡಿತ್ತು. ಅದರ ಚಿತ್ರ ಮೊದಲಿಗಿಂತ ಚೊಕ್ಕ ಅಂತ ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಚಿಕ್ಕದಾದರೆ ಖರ್ಚು ಕಮ್ಮಿ, ಬಿಸಿ ಕಮ್ಮಿ. ಮಾಡಿದವರ ಹತ್ತಿರ ಅಸಲಿ ನಕ್ಷೆ ಇತ್ತು, ಅಥವಾ ಅಸಲಿಯನ್ನು ಕೂದಲೆಳೆಯಷ್ಟು ಬಿಡದೆ ನೋಡುವ ತಾಳ್ಮೆ ಇತ್ತು. ಕರಿ ಬೊಟ್ಟಿನವರಿಗೆ ಮಾರಿಯೋ ಓಡಿದರೆ ಸಾಕು.

ಹೊರಗೊಂದು ಒಳಗೊಂದು ಇರುವುದೂ ಹೊಸದಲ್ಲ. 2004ರಲ್ಲಿ ಬಂದ ಅಟಾರಿ ಫ್ಲ್ಯಾಶ್‌ಬ್ಯಾಕ್ ನೋಡಲು ಅಟಾರಿ ಕಂಪನಿಯ ಹಳೇ ಗೇಮ್ ಸೆಟ್ಟು. ಒಳಗೆ ಇದ್ದದ್ದು ಇದೇ ಒಂದು ಚಿಪ್ಪಿನ ನಿಂಟೆಂಡೊ. ಆಟಗಳನ್ನು ಅದಕ್ಕೆ ಹೊಂದುವಂತೆ ಮತ್ತೆ ಬರೆದಿದ್ದರು. ಮರುವರ್ಷದ ಫ್ಲ್ಯಾಶ್‌ಬ್ಯಾಕ್ 2ರಲ್ಲಿ ಮಾತ್ರ ನಿಜವಾದ ಅಟಾರಿ 2600 ಒಂದೇ ಚಿಪ್ಪಿನಲ್ಲಿ ಬಂತು.

ಮಾರನೇ ದಿನ ಚಿಕ್ಕಮಗಳೂರಿನ ಅಂಗಡಿಗೆ ಹೋದೆ. ಜಗಳ ಮಾಡಬಾರದು ಅಂದುಕೊಂಡೇ ಹೋಗಿದ್ದೆ.

'ಒಳಗಿದ್ದ ಬೋರ್ಡ್ ಎಲ್ಲಿ?'

'ಡೆಡ್ ಆಗಿತ್ತು ಸಾರ್. ಗುಜರಿಗೆ ಹಾಕಿದ್ವಿ. ಆಟ ಓಡ್ತಾ ಇಲ್ವಾ? ಓಡ್ತಾ ಇದೆಯಲ್ಲ, ಮತ್ತೇನು?'

ಅಲ್ಲಿ ನನಗೆ ಸಿಟ್ಟು ಬಂತು. ಯಾಕೆಂದರೆ ಆ ಹೊತ್ತಿಗೆ ದೀಪ ಮಿಣುಕುವುದರ ಗುಟ್ಟು ನನಗೆ ಗೊತ್ತಾಗಿತ್ತು. ಸೆಟ್ಟಿನೊಳಗೊಂದು, ಕ್ಯಾಸೆಟ್ಟಿನೊಳಗೊಂದು ಬೀಗದ ಚಿಪ್ಪು ಇರುತ್ತದೆ. ಕ್ಯಾಸೆಟ್ ಅಸಲಿಯೋ ಅಲ್ಲವೋ ಅಂತ ಎರಡೂ ಮಾತಾಡಿಕೊಳ್ಳುತ್ತಲೇ ಇರಬೇಕು. ಮಾತು ತಪ್ಪಿದರೆ ಸೆಟ್ಟಿನ ಚಿಪ್ಪು ಸೆಕೆಂಡಿಗೊಮ್ಮೆ ರೀಸೆಟ್ ಹೊಡೆಯುತ್ತದೆ. ಅದೇ ಮಿಣುಕು. ಮಾತು ತಪ್ಪುವುದಕ್ಕೆ ಸಾಮಾನ್ಯ ಕಾರಣ 72 ಕಡ್ಡಿಯ ಕನೆಕ್ಟರಿನ ಕಿಲುಬು, ಇಲ್ಲವೇ ಸಡಿಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದ್ದರೆ ಆಗುತ್ತಿತ್ತು. ಆಗದಿದ್ದರೆ ಹೊಸ ಕನೆಕ್ಟರ್. ಅದೂ ಬೇಡ ಅಂದರೆ ಬೀಗದ ಚಿಪ್ಪಿನ ನಾಲ್ಕನೇ ಕಾಲನ್ನು ಬೋರ್ಡಿನಿಂದ ಎತ್ತಿಬಿಟ್ಟರೂ ಮಿಣುಕು ನಿಲ್ಲುತ್ತದೆ. ಮಿಣುಕುತ್ತಿದ್ದ ಬೋರ್ಡು ಸತ್ತ ಬೋರ್ಡಲ್ಲ. ಜೀವ ಇದ್ದದ್ದಕ್ಕೇ ಅದು ಮಿಣುಕುತ್ತಿತ್ತು. ಕರಿ ಬೊಟ್ಟಿಗೆ ಬೀಗವೇ ಇಲ್ಲ. ಅದಕ್ಕೇ ದೀಪ ಅಷ್ಟು ನೆಮ್ಮದಿಯಾಗಿ ಉರಿಯುತ್ತಿತ್ತು.

ಇದನ್ನೆಲ್ಲ ಅವನಿಗೆ ಹೇಳಿದೆ. 'ನೀವೇ ಇಷ್ಟು ತಿಳ್ಕೊಂಡಿದ್ದೀರ, ಮತ್ತೆ ನಮ್ಮ ಹತ್ರ ಯಾಕೆ ತಂದ್ರಿ ಸಾರ್' ಅಂದ. ಉತ್ತರ ಇರಲಿಲ್ಲ. ಯಜಮಾನರು ಬಂದು 1000 ರೂಪಾಯಿ ವಾಪಸ್ ಕೊಟ್ಟರು. ಬೋರ್ಡು ಗುಜರಿಗೆ ಹೋಯಿತೋ, ಅಸಲಿ ಚಿಪ್ಪು ಬೇಕು ಅನ್ನುವವರ ಕೈಗೆ ಹೋಯಿತೋ, ದೇವರಿಗೇ ಗೊತ್ತು. ನನ್ನ ಹತ್ತಿರ ಒಂದು ಫೋಟೋ ಇಲ್ಲ, ರಸೀತಿಯಲ್ಲಿ ಬರೆದದ್ದು 'ವಿಡಿಯೋ ಗೇಮ್ 1' ಅಂತ ಅಷ್ಟೇ. ಏನಂತ ದೂರು ಕೊಡಲಿ?

ಹಾಗಾಗಿ ನೀವು ಕೊಡುವ ಮೊದಲು ಆ ಆರು ಸ್ಕ್ರೂ ಬಿಚ್ಚಿ, ಐಸಿಯ ನಂಬರು ಕಾಣುವ ಹಾಗೆ ಫೋಟೋ ತೆಗೆದಿಡಿ. ಆ ನಂಬರನ್ನು ರಸೀತಿಯ ಮೇಲೂ ಬರೆಸಿ. ಬದಲಾಯಿಸಿದ ಹಳೇ ಪಾರ್ಟು ಏನೇ ಇರಲಿ, ವಾಪಸ್ ಕೊಡಿ ಅಂತ ಮೊದಲೇ ಹೇಳಿ. ಹಾಗೆ ಹೇಳಿದಾಗ ಮುಖ ಗಂಟಿಕ್ಕುವ ಅಂಗಡಿಯಿಂದ ಹಾಗೇ ಎದ್ದು ಬನ್ನಿ. ತರಲು ಹೋಗುವಾಗ ಮಾರಿಯೋ ಬಿಟ್ಟು ಬೇರೆ ಕ್ಯಾಸೆಟ್ಟೂ ತಗೊಂಡು ಹೋಗಿ. ಮನೆಯಲ್ಲಿ ಹಾಡು ಬಲ್ಲವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ನಾನು ನಿಜವಾಗಿಯೇ ಹೇಳುತ್ತಿದ್ದೇನೆ.

ಮಾವನಿಗೆ ಇನ್ನೂ ಹೇಳಿಲ್ಲ. ಫೋನ್ ಮಾಡಿದಾಗಲೆಲ್ಲ 'ಆ ಗೇಮು ಇನ್ನೂ ಇದೆಯೇನೋ' ಅಂತ ಕೇಳುತ್ತಾರೆ. ಇದೆ ಮಾವ, ಮಗ ಆಡ್ತಾನೆ ಅನ್ನುತ್ತೇನೆ. ಮಗನಿಗೆ ಈ ಜೋರು ಓಟವೇ ಇಷ್ಟ.

ಅವತ್ತು ಅಂಗಡಿಯಿಂದ ಹೊರಡುವಾಗ ಮೂಲೆಯಲ್ಲಿ ಹಳೇ ಚಾರ್ಜರುಗಳ ರಾಶಿ ಕಾಣಿಸಿತು. ಅದರ ಅಡಿಯಲ್ಲಿ ನಮ್ಮ ಅಡಾಪ್ಟರ್ ಇತ್ತು. ಜರ್ಮನಿಯ ದುಂಡು ಕಡ್ಡಿಯ ಪ್ಲಗ್ಗು, ವೈರಿಗೆ ತಂಗಿ ಚಿಕ್ಕವಳಿದ್ದಾಗ ಸುತ್ತಿದ್ದ ಕೆಂಪು ಟೇಪು. ಕೇಳದೇ ಎತ್ತಿಕೊಂಡು ಬಂದೆ. ಮನೆಗೆ ಬಂದು ಮೀಟರಿನ ಎಸಿ ಕಡೆಗೆ ಹಾಕಿ ನೋಡಿದರೆ ವೋಲ್ಟು ಸರಿಯಾಗೇ ಬರುತ್ತಿದೆ. ಸುಟ್ಟಿರಲೇ ಇಲ್ಲ.